ಕಿವಿಗೊಂದು ಪರೀಕ್ಷೆ

ಬಾಗಿಲಾಚೆ ಮಿತ್ರನೊಬ್ಬನು ಕೆಮ್ಮಿದರೂ ಸಾಕು, ಅವನಾರೆಂಬುದನ್ನು ನಾವು ಅರಿಯುತ್ತೇವೆ. ಈ ಶಕ್ತಿಯನ್ನು ಒರೆಗೆ ಹಚ್ಚುವ ಆಟವೊಂದು ಜಾಸ್ ಸಂಗೀತದ ರಸಿಕರಲ್ಲಿ ಪ್ರಸಿದ್ಧವಾಗಿದೆ. ಹೆಸರನ್ನು ಮರೆಮಾಡಿ ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ; ನುಡಿಸಿದವರಾರೆಂದು ಕೇಳುಗನು ಹೇಳಬೇಕು. ವಿಮರ್ಶಕ ಲಿಯೊನಾರ್ಡ್ ಫೆದರ್ 1946ರಲ್ಲಿ ಅಮೆರಿಕದ ‘ಮೆಟ್ರೊನೋಮ್’ ಪತ್ರಿಕೆಯಲ್ಲಿ ಈ ಪರೀಕ್ಷೆಯನ್ನು ಆರಂಭಿಸಿದರು.

ಇದು ಹೇಗೆ ಸಾಧ್ಯ? ಟ್ರಂಪೆಟ್ ಮತ್ತು ಕ್ಲಾರಿನೆಟ್‌ಗಳಲ್ಲಿ ಸೆಕೆಂಡಿಗೆ 220 ಕಂಪನಗಳುಳ್ಳ ಒಂದೇ ಸ್ವರವನ್ನು ನುಡಿಸಿದರೆನ್ನೋಣ. ಮೂಲಸ್ವರದೊಡನೆ 440, 660 ಮೊದಲಾದ ಮೇಲುಸ್ವರಗಳೂ ಹೊಮ್ಮುತ್ತವೆ. ಟ್ರಂಪೆಟ್ಟಿನಲ್ಲಿ ಇವೆರಡೂ ಪ್ರಬಲ. ಕ್ಲಾರಿನೆಟ್ಟಿನ ಈ ತಗ್ಗಿನ ಸ್ಥಾಯಿಯಲ್ಲಿ 440 ಕ್ಷೀಣ, 660 ಪ್ರಬಲ. ಈ ಬೆರಕೆಯಿಂದಲೇ ವಾದ್ಯದ ನಾದಗುಣವನ್ನು ಗುರುತಿಸುತ್ತೇವೆ. ವಾದಕನನ್ನು ಗುರುತಿಸಲು ಇನ್ನೂ ಸೂಕ್ಷ್ಮವಾದ ಕುರುಹುಗಳು ಬೇಕು: ಸ್ವರವೇಳುವಾಗ ನಾಲಗೆಯ ಹೊಡೆತ, ಉಸಿರಿನ ಒತ್ತಡ, ಸ್ವರದ ತೂಗಾಟ, ತಾಳಕ್ಕೆ ತುಸು ಹಿಂದುಳಿಯುವ ರೂಢಿ.

ಆದರೆ ಕಿವಿಗೂ ಮಿತಿಯುಂಟು. ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಸ್ವತಃ ಕಪ್ಪು ಜನಾಂಗದವರು. ವಾದನವನ್ನು ಕೇಳಿದೊಡನೆ ವಾದಕನು ಬಿಳಿಯನೋ ಕಪ್ಪು ಜನಾಂಗದವನೋ ಹೇಳಬಲ್ಲೆನೆಂದು ಅವರು ನಂಬಿದ್ದರು. 1951ರಲ್ಲಿ ಫೆದರ್ ಅವರನ್ನು ಪರೀಕ್ಷಿಸಿದಾಗ ಮತ್ತೆ ಮತ್ತೆ ತಪ್ಪಿದರು, ಸೋಲನ್ನು ಒಪ್ಪಿಕೊಂಡರು. ಅಂದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಬ್ಬರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದುವೆಂಬುದನ್ನು ನೆನೆದರೆ ಈ ಸೋಲಿನ ಬೆಲೆ ತಿಳಿದೀತು. ಗಾಳಿಯನ್ನು ಕಂಪಿಸುವುದು ತುಟಿ, ಉಸಿರು, ಅಭ್ಯಾಸ, ಚರ್ಮದ ಬಣ್ಣವಲ್ಲ.

ವಿದ್ಯಾರ್ಥಿಗಳು ತಾವೂ ಈ ಆಟವನ್ನು ಆಡಿ ನೋಡಬಹುದು. ಹೆಸರು ಬಯಲಾಗುವ ಮೊದಲೇ ಉತ್ತರವನ್ನು ಬರೆದಿಡಬೇಕೆಂಬ ನಿಯಮವನ್ನು ಮಾತ್ರ ಮರೆಯಬಾರದು.