ಲಂಡನ್ ಪತ್ತೇದಾರನ ಬೇರು ಶ್ರೀರಂಗಪಟ್ಟಣದಲ್ಲಿ!

ವಿಕ್ಟೋರಿಯಾ ರಾಣಿಯ ಕಾಲದ ಕೊಲೆ-ಕಳ್ಳತನದ ಧಾರಾವಾಹಿಗಳನ್ನು ಕಣ್ಣು ಪಿಳುಕಿಸದೆ ನೋಡುವ ಜಯನಗರ, ಜೆ.ಪಿ. ನಗರದ ಬಂಧುಗಳೇ, ಒಂದು ಸುದ್ದಿ ಕೇಳಿ. ಮಂಜು, ಜಟಕಾ ಗಾಡಿ, ಉದ್ದ ಕೋಟಿನ ಆ ಪತ್ತೇದಾರರ ವಂಶಾವಳಿ ಹುಡುಕುತ್ತ ಹೋದರೆ ಎಲ್ಲಿಗೆ ತಲುಪುತ್ತೀರಿ ಗೊತ್ತೇ? ಮೈಸೂರು ರಸ್ತೆ ಹಿಡಿದು ಸುಮಾರು 125 ಕಿ.ಮೀ. ಹೋದರೆ ಸಿಗುವ ನಮ್ಮ ಶ್ರೀರಂಗಪಟ್ಟಣಕ್ಕೆ!

ನನ್ನನ್ನು ಈ ಜಾಡಿಗೆ ಹಚ್ಚಿದ್ದು ‘ದಿ ಸಸ್ಪಿಷನ್ಸ್ ಆಫ್ ಮಿಸ್ಟರ್ ವಿಚರ್’. ಬ್ರಿಟನ್ನಿನ ಐಟಿವಿ ವಾಹಿನಿ 2011ರಲ್ಲಿ ತೋರಿಸಿದ ಟಿ.ವಿ. ಚಿತ್ರ. ನಡೆದ ಕಥೆಯೇ ಅದು. 1860ರ ಜೂನ್ ತಿಂಗಳ ಕೊನೆ, ರೋಡ್ ಎಂಬ ಹಳ್ಳಿಯ ಸಿರಿವಂತರ ಮನೆಯಲ್ಲಿ ಮೂರು ವರ್ಷದ ಮಗುವಿನ ಕೊಲೆ. ಸ್ಕಾಟ್ಲೆಂಡ್ ಯಾರ್ಡಿನಿಂದ ಬಂದ ಜೊನಾಥನ್ ವಿಚರ್ ಕೆದಕಿದ್ದು ಏನನ್ನು? ಒಗೆಯಲು ಹಾಕಿದ ಬಟ್ಟೆಯ ಲೆಕ್ಕವನ್ನು! ಮಗುವಿನ ಮಲಅಕ್ಕ, ಹದಿನಾರರ ಕಾನ್‌ಸ್ಟನ್ಸ್‌ಗೆ ಮೂರು ರಾತ್ರಿಯಂಗಿ ಇರಬೇಕು, ಇರುವುದು ಎರಡೇ. ದೊಡ್ಡ ಮನೆಯ ಹುಡುಗಿಯ ಮೇಲೆ ಪೊಲೀಸಿನವನೊಬ್ಬ ಬೆರಳು ತೋರಿಸುವುದೇ ಎಂದು ಊರಿಗೆ ಊರೇ ಉರಿದೆದ್ದಿತು. ಹುಡುಗಿ ಬಿಡುಗಡೆಯಾದಳು, ವಿಚರ್ ಹೆಸರು ಮಣ್ಣುಪಾಲಾಯಿತು. 1865ರಲ್ಲಿ ಕಾನ್‌ಸ್ಟನ್ಸ್ ತಾನಾಗಿಯೇ ತಪ್ಪೊಪ್ಪಿಕೊಂಡಳು!

“ಸರಿಯಾದ ಉತ್ತರ ಬರೆದವನನ್ನೇ ಫೇಲ್ ಮಾಡಿಬಿಟ್ಟರಲ್ಲೋ” ಎಂದರು ಜಯನಗರದ ಚಿಕ್ಕಪ್ಪ. ಬಿಟಿಎಂ ಬಡಾವಣೆಯ ಪಿ.ಜಿ.ಯಲ್ಲಿರುವ ತಂಗಿ ಮಗಳದು ಬೇರೆಯೇ ಮಾತು: “ಮಾವ, ಸಖತ್ ಸ್ಲೋ. ಆದ್ರೆ ಆ ನೈಟಿ ವಿಷಯ ಬಂದ್ಮೇಲೆ ಎದ್ದು ಹೋಗೋಕೇ ಆಗ್ಲಿಲ್ಲ.”

ಆ ನೈಟಿಯ ಬೆನ್ನು ಹತ್ತಿದೆ ನೋಡಿ, ಆಮೇಲೆ ಬೆರಗಿನ ಮೇಲೆ ಬೆರಗು! ವಿಚರ್‌ನನ್ನೇ ಮಾದರಿಯಾಗಿಟ್ಟುಕೊಂಡು ವಿಲ್ಕಿ ಕಾಲಿನ್ಸ್ ಎಂಬ ಕಾದಂಬರಿಕಾರ ಸಾರ್ಜೆಂಟ್ ಕಫ್ ಎಂಬ ಪತ್ತೇದಾರನನ್ನು ಕಡೆದ. ಕೃತಿ ‘ದಿ ಮೂನ್‌ಸ್ಟೋನ್’. 1868ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಅಲ್ಲೂ ಒಂದು ರಾತ್ರಿಯಂಗಿ ನಾಪತ್ತೆ, ಅದರ ಮೇಲೆ ಬಣ್ಣದ ಕಲೆ! ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೂ ಇದೇ, ಮಿಗಿಲಾದದ್ದೂ ಇದೇ ಎಂದು ಹೊಗಳಿದವನು ಸಾಮಾನ್ಯನಲ್ಲ, ಕವಿ ಟಿ.ಎಸ್. ಎಲಿಯಟ್. ಬಿಬಿಸಿ ಇದನ್ನು 1972, 1996, 2016ರಲ್ಲಿ ಮತ್ತೆ ಮತ್ತೆ ಕಿರುತೆರೆಗೆ ತಂದಿತು.

ಇನ್ನು ಅದರ ಮೊದಲ ಪುಟ ತೆರೆಯಿರಿ. ಪೀಠಿಕೆಯ ಹೆಸರೇ ಶ್ರೀರಂಗಪಟ್ಟಣದ ಮುತ್ತಿಗೆ! 1799ರ ಮೇ 4. ಜನರಲ್ ಬೇರ್ಡ್‌ನ ಸೈನಿಕರು ಕೋಟೆಯೊಳಗೆ ನುಗ್ಗಿದ್ದಾರೆ. ಟಿಪ್ಪುವಿನ ಆಯುಧಶಾಲೆಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ನಿಂತಿದ್ದಾನೆ, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕಠಾರಿಯ ಹಿಡಿಯಲ್ಲಿ ಹಳದಿ ವಜ್ರ ಥಳಥಳ! ವಜ್ರ ಕಲ್ಪನೆಯದು, ಮುತ್ತಿಗೆ ನಿಜ, ಬೇರ್ಡ್ ನಿಜ. ಅದೇ ಶ್ರೀರಂಗಪಟ್ಟಣದಲ್ಲಿ ಹಿಂದೆ ಮೂರು ವರ್ಷಕ್ಕೂ ಮೇಲೆ ಸೆರೆಯಲ್ಲಿ ಕೊಳೆತಿದ್ದವನು ಆತ.

ದೇವರ ಒಡವೆಯಾದ ಆ ವಜ್ರದ ಹಿಂದೆಯೇ ಮೂವರು ಬ್ರಾಹ್ಮಣರು ದೊಂಬರ ವೇಷ ತೊಟ್ಟು ಇಂಗ್ಲೆಂಡಿಗೆ ಬರುತ್ತಾರೆ. ಪುಟ್ಟ ಹುಡುಗನೊಬ್ಬನ ಅಂಗೈಗೆ ಶಾಯಿಯಂಥ ಕಪ್ಪು ದ್ರವ ಸುರಿದು, “ನೋಡು” ಎನ್ನುತ್ತಾರೆ. ಬನಶಂಕರಿಯ ದೊಡ್ಡಮ್ಮನಿಗೆ ಈ ಭಾಗ ಓದಿ ಹೇಳಿದೆ. ಹೂ ಕಟ್ಟುತ್ತಿದ್ದ ಕೈ ನಿಂತಿತು. “ಅಯ್ಯೋ, ಇದು ಅಂಜನ ಕಣೋ! ನಮ್ಮೂರಲ್ಲಿ ಬುಗುಡಿ ಕಳೆದಾಗ ಹಾಕಿಸಿದ್ರಲ್ಲ, ಅದೇ!” ಭಾರತದ ಮಣ್ಣು ಮೆಟ್ಟದ ಕಾಲಿನ್ಸ್ ಬರೆದ ದೃಶ್ಯವನ್ನು ದೊಡ್ಡಮ್ಮ ಕ್ಷಣದಲ್ಲಿ ಗುರುತು ಹಿಡಿದುಬಿಟ್ಟರು!

ಚಿಕ್ಕಪ್ಪ ಹಿಡಿದದ್ದು ಇನ್ನೊಂದನ್ನು. “ಕಡಲು ದಾಟಿದರೆ ಜಾತಿ ಹೋಗುತ್ತೆ ಅಂತ ಗೊತ್ತಿದ್ದೂ ಹೊರಟರಲ್ಲ ಆ ಮೂವರು, ಅವರಯ್ಯಾ ನಾಯಕರು!” ನಿಜವೇ. ದೇವರ ಒಡವೆಗಾಗಿ ಅವರು ಕುಲವನ್ನೇ ಕಳೆದುಕೊಂಡರೆಂದು ಕಾದಂಬರಿಯ ಕೊನೆಯ ಪುಟಗಳೂ ಹೇಳುತ್ತವೆ.

ಇಷ್ಟಕ್ಕೇ ಮುಗಿಯಲಿಲ್ಲ! ಕಾಲಿನ್ಸ್ ತನ್ನ ಮುನ್ನುಡಿಯಲ್ಲಿ ಕೊಹಿನೂರನ್ನು ನೆನೆಯುತ್ತಾನೆ. ಆ ಕೊಹಿನೂರನ್ನು 1851ರಲ್ಲಿ ಲಂಡನ್ ಜನ ಮುಗಿಬಿದ್ದು ನೋಡಿದ್ದು ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯಲ್ಲಿ. ಅದರ ಮಾದರಿಯಲ್ಲೇ 1889ರಲ್ಲಿ ಅಡಿಗಲ್ಲು ಕಂಡದ್ದು ನಮ್ಮ ಲಾಲ್‌ಬಾಗ್ ಗಾಜಿನ ಮನೆ! ಆ ತೋಟ ಹೈದರ್ ಹಾಕಿಸಿದ್ದು, ಟಿಪ್ಪು ಬೆಳೆಸಿದ್ದು. ಸಾರ್ಜೆಂಟ್ ಕಫ್‌ಗೋ ಗುಲಾಬಿಯ ಹುಚ್ಚು, ಕೇಸಿನ ನಡುವೆಯೇ ತೋಟದ ಮಾಲಿಯ ಜೊತೆ ಗುಲಾಬಿಯ ಕಸಿಯ ಬಗ್ಗೆ ಜಗಳಕ್ಕೆ ನಿಲ್ಲುತ್ತಾನೆ. ಲಾಲ್‌ಬಾಗ್‌ಗೆ ಬಂದಿದ್ದರೆ ಕೇಸನ್ನೇ ಮರೆಯುತ್ತಿದ್ದನೇನೋ!

ವಜ್ರ ಕದ್ದವರು ಯಾರು ಎಂದು ಇಂಗ್ಲಿಷ್ ಪ್ರೇಕ್ಷಕ ಯಾರ್ಕ್‌ಷೈರಿನ ಮನೆಯೊಂದರಲ್ಲಿ ಹುಡುಕುತ್ತಾನೆ. ಆ ಗುಟ್ಟು ನಾನು ಬಿಟ್ಟುಕೊಡುವುದಿಲ್ಲ. ಆದರೆ ಮೊದಲ ಕಳ್ಳ ಯಾರೆಂದು ಪೀಠಿಕೆಯಲ್ಲೇ ಇದೆ, ಅವನು ಕದ್ದದ್ದು ನಮ್ಮ ಕಾವೇರಿಯ ದಂಡೆಯಲ್ಲಿ. ಕೃತಿಸ್ವಾಮ್ಯ ಮುಗಿದ ಪುಸ್ತಕವಿದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಧಾರಾವಾಹಿ ಹಾಕಿಕೊಳ್ಳುವ ಮುಂಚೆ ಆ ಪೀಠಿಕೆಯೊಂದನ್ನು ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ. ವಿಮರ್ಶಕರು ಕಾಣದ್ದನ್ನು ಅವರು ಕಾಣುತ್ತಾರೆ.