ಗಂಟೆಯ ಮದ್ದು, ವಾರದ ಮದ್ದು

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಬ್ಯಾಡರಹಳ್ಳಿ ಕಡೆಗೆ ಬಂದರೆ ಬೆಳಗಿನ ಆರೂವರೆಗೇ ಮನೆಮನೆಯಲ್ಲೂ ಗಡಿಬಿಡಿ. ಪೀಣ್ಯದ ಫ್ಯಾಕ್ಟರಿಗೆ ಹೊರಟವರು, ಗಾರ್ಮೆಂಟ್ಸ್‌ಗೆ ಹೊರಟವರು, ಸ್ಕೂಲ್ ವ್ಯಾನಿನ ಹಾರ್ನಿಗೆ ಕಿವಿಗೊಟ್ಟು ಶೂ ಕಟ್ಟಿಕೊಳ್ಳುವ ಮಕ್ಕಳು. ಇಂಥ ಮನೆಯಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ ಮಗುವೊಂದಿದ್ದು, ಅದಕ್ಕೆ ಥೈರಾಯ್ಡ್ ಮಾತ್ರೆಯೂ ಶುರುವಾಯಿತು ಅನ್ನಿ. ಮಾತ್ರೆಯ ಚೀಟಿಯಲ್ಲಿ ಬರೆದಿರುತ್ತದೆ: ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು. ಇನ್ಸುಲಿನ್ ಕೊಟ್ಟ ಡಾಕ್ಟರು ಹೇಳಿರುತ್ತಾರೆ: ಚುಚ್ಚಿದ ಮೇಲೆ ತಡಮಾಡದೆ ತಿನ್ನಿಸಿ. ಒಂದು ಮದ್ದು ಕಾಯಿರಿ ಅನ್ನುತ್ತದೆ, ಇನ್ನೊಂದು ಕಾಯಬೇಡಿ ಅನ್ನುತ್ತದೆ. ಎರಡನ್ನೂ ಒಂದೇ ಸಮನೆ ಭಯಭಕ್ತಿಯಿಂದ ಪಾಲಿಸಲು ಹೊರಟ ಮನೆಯವರು ಕೊನೆಗೆ ಒಂದರಲ್ಲಿ ತಪ್ಪುತ್ತಾರೆ; ಮತ್ತು ಬಹಳ ಸಲ ತಪ್ಪಬಾರದ್ದರಲ್ಲೇ ತಪ್ಪುತ್ತಾರೆ. ನನ್ನ ವಾದ ಇಷ್ಟೇ: ಈ ಎರಡು ಮದ್ದುಗಳಿಗೆ ಸಮಾನ ಮರ್ಯಾದೆ ಕೊಡಬೇಕಾಗಿಲ್ಲ. ಇನ್ಸುಲಿನ್ನಿನದು ಗಂಟೆಯ ಲೆಕ್ಕ, ಥೈರಾಯ್ಡ್ ಮಾತ್ರೆಯದು ವಾರದ ಲೆಕ್ಕ. ವಾರದ ಲೆಕ್ಕದ್ದು ಗಂಟೆಯ ಲೆಕ್ಕದ್ದಕ್ಕೆ ದಾರಿ ಬಿಡಬೇಕು.

ಮೊದಲು, ಎರಡು ಕಾಯಿಲೆ ಒಂದೇ ಮಗುವಿಗೆ ಯಾಕೆ ಬರುತ್ತವೆ ಎಂಬ ಪ್ರಶ್ನೆ. ಇದು ಯಾರ ಕಣ್ಣು ಬಿದ್ದದ್ದೂ ಅಲ್ಲ, ಬಸಿರಿನಲ್ಲಿ ತಾಯಿ ಏನೋ ತಿಂದದ್ದೂ ಅಲ್ಲ. ಮಕ್ಕಳಿಗೆ ಬರುವ ಟೈಪ್ 1ರಲ್ಲಿ ಮೈಯ ಕಾವಲು ಪಡೆಯೇ ದಾರಿ ತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಹೊಡೆದು ಹಾಕುತ್ತದೆ. ಹಾಗೆ ದಾರಿ ತಪ್ಪಿದ ಪಡೆ ಒಂದೇ ಕಡೆ ನಿಲ್ಲಬೇಕೆಂದಿಲ್ಲ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೂ ಬೀಳಬಹುದು. ಹೀಗೆ ಹಾಳಾಗುವ ಗ್ರಂಥಿಯನ್ನು ಜಪಾನಿನ ವೈದ್ಯ ಹಕಾರು ಹಶಿಮೋಟೊ 1912ರಲ್ಲೇ ವಿವರಿಸಿದ್ದ. ಟೈಪ್ 1 ಪತ್ತೆಯಾದ ಮಕ್ಕಳಲ್ಲಿ ನೂರಕ್ಕೆ ಹದಿನೇಳರಿಂದ ಮೂವತ್ತು ಮಂದಿಯ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಸಿಗುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಇವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಗ್ರಂಥಿ ನಿಜಕ್ಕೂ ಸೋಲುವುದು ನೂರಕ್ಕೆ ಮೂರರಿಂದ ಎಂಟು ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕರ್ನಾಟಕದ್ದೇ ಒಂದು ಲೆಕ್ಕ ಬೇಕೆಂದರೆ, ಇಲ್ಲಿ ಹದಿಮೂರು ವರ್ಷ ನಡೆಸಿದ ನೋಂದಣಿಯಲ್ಲಿ ಟೈಪ್ 1 ಹೊಸದಾಗಿ ಬರುವ ಪ್ರಮಾಣ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಎಂದು ಕಂಡುಬಂದಿತ್ತು. ಸಣ್ಣ ಸಂಖ್ಯೆ ಅನ್ನಿಸಬಹುದು. ಬೆಂಗಳೂರಿನಂಥ ಊರಿಗೆ ಅದನ್ನು ಗುಣಿಸಿ, ವರ್ಷದ ಮೇಲೆ ವರ್ಷ ಕೂಡಿಸುತ್ತ ಹೋದರೆ ಸಣ್ಣದಾಗಿ ಉಳಿಯುವುದಿಲ್ಲ. ಉಪ್ಪಿನ ಅಯೋಡಿನ್ ಕಡಿಮೆಯಾಗಿ ಹೀಗಾಯಿತು ಎನ್ನುವವರೂ ಇದ್ದಾರೆ. ಅಯೋಡಿನ್ ಕೊರತೆಯ ಗಂಟಲುಗಡ್ಡೆಯ ಕತೆ ಬೇರೆ. ಇಲ್ಲಿ ಉಪ್ಪು ಬದಲಿಸಿದರೆ ಗ್ರಂಥಿ ಚೇತರಿಸಿಕೊಳ್ಳುವುದಿಲ್ಲ.

ಥೈರಾಯ್ಡ್ ಸೋತರೆ ಸಕ್ಕರೆಗೇನು? ತುಂಬಾ ಇದೆ. ಥೈರಾಯ್ಡ್ ಹಾರ್ಮೋನು ಮೈಯ ಉರಿಗೆ ಗಾಳಿ ಊದುವ ಕೊಳವೆ ಇದ್ದಂತೆ. ಅದು ಕಡಿಮೆಯಾದರೆ ಕರುಳು ನಿಧಾನಕ್ಕೆ ಹೀರುತ್ತದೆ, ಪಿತ್ತಜನಕಾಂಗ ಸಕ್ಕರೆ ಹೊರಬಿಡುವುದು ತಗ್ಗುತ್ತದೆ, ಚುಚ್ಚಿದ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹೀಗಾಗಿ ಊಟ, ಆಟ, ಡೋಸು ಯಾವುದೂ ಬದಲಾಗದೆ ಮಗುವಿಗೆ ಪದೇ ಪದೇ ಸಕ್ಕರೆ ಕುಸಿದು ‘ಲೋ’ ಆಗತೊಡಗುತ್ತದೆ. ಮನೆಯವರು ಊಟ ಬಿಟ್ಟಿದ್ದೀಯಾ ಎಂದು ಮಗುವನ್ನು ಗದರುತ್ತಾರೆ, ತಪ್ಪು ಕತ್ತಿನಲ್ಲಿರುತ್ತದೆ. ಎತ್ತರ ಬೆಳೆಯುವುದೂ ನಿಲ್ಲುತ್ತದೆ. ಗೋಡೆಯ ಮೇಲೆ ಹುಟ್ಟುಹಬ್ಬಕ್ಕೊಮ್ಮೆ ಪೆನ್ಸಿಲ್ ಗೆರೆ ಎಳೆಯುವ ಅಭ್ಯಾಸ ಇರುವ ಮನೆಯಲ್ಲಿ ಇದು ಲ್ಯಾಬಿಗಿಂತ ಮೊದಲೇ ಗೊತ್ತಾದೀತು. ಮಲಬದ್ಧತೆ, ಒಣ ಚರ್ಮ, ಸುಸ್ತು, ಓದಿನಲ್ಲಿ ಹಿಂದೆ ಬೀಳುವುದು ಎಲ್ಲ ಜೊತೆಗೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ಇಲ್ಲಿ ಮೋಸ ಮಾಡಬಹುದು: ಥೈರಾಯ್ಡ್ ಕಡಿಮೆ ಇದ್ದಾಗ ಕೆಂಪು ರಕ್ತಕಣಗಳು ಹೆಚ್ಚು ದಿನ ಬದುಕಿ, ಆ ಸಂಖ್ಯೆ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಅದಕ್ಕೇ ಟೈಪ್ 1 ಪತ್ತೆಯಾದ ಹೊಸದರಲ್ಲೇ ಒಮ್ಮೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ, ಥೈರಾಯ್ಡ್ ಸೋತಂತೆ ರಕ್ತದಲ್ಲಿ ಏರುವ ಟಿಎಸ್‌ಎಚ್ ನೋಡಬೇಕೆಂಬುದು ತಜ್ಞ ಸಂಸ್ಥೆಗಳ ಸಲಹೆ. ಒಂದು ಎಚ್ಚರಿಕೆ ಮಾತ್ರ: ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಮಗು ಐಸಿಯುನಲ್ಲಿರುವಾಗ ಮಾಡಿದ ಥೈರಾಯ್ಡ್ ಪರೀಕ್ಷೆಯನ್ನು ನಂಬಬಾರದು. ಕಾಯಿಲೆಯ ಬಿರುಸಿಗೇ ಆ ಅಂಕಿಗಳು ಏರುಪೇರಾಗಿರುತ್ತವೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲಿನ ಪರೀಕ್ಷೆಯೇ ಲೆಕ್ಕಕ್ಕೆ.

ಈಗ ಮದ್ದಿನ ಮಾತು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ನನ್ನು ಹರಳುಗಟ್ಟಿಸಿ ಬೇರ್ಪಡಿಸಿದ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಹದಿನಾಲ್ಕರ ಲಿಯೊನಾರ್ಡ್ ಥಾಂಪ್ಸನ್ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ. ಹೆಚ್ಚುಕಡಿಮೆ ಒಂದೇ ಕಾಲದ ಮದ್ದುಗಳಾದರೂ ಇವೆರಡರ ಸ್ವಭಾವ ಉತ್ತರ ದಕ್ಷಿಣ. ನಾವು ಅಂಗಡಿಯಲ್ಲಿ ಥೈರೋನಾರ್ಮ್, ಎಲ್ಟ್ರಾಕ್ಸಿನ್ ಎಂದು ಕೇಳಿ ತರುವ ಲೆವೊಥೈರಾಕ್ಸಿನ್ ನುಂಗಿದ ಮೇಲೆ ಅದರ ಅರ್ಧ ಮೈಯಿಂದ ಕರಗಲು ಸುಮಾರು ಒಂದು ವಾರ ಬೇಕು. ಅಂದರೆ ಮಗುವಿನ ರಕ್ತದಲ್ಲಿ ಇವತ್ತು ಇರುವುದು ಇವತ್ತಿನ ಮಾತ್ರೆಯೊಂದೇ ಅಲ್ಲ, ಕಳೆದ ಹಲವು ವಾರಗಳ ಮಾತ್ರೆಗಳ ಉಳಿತಾಯ. ಡೋಸು ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಿ ಅನ್ನುವುದೂ ಇದಕ್ಕೇ. ಹದಿನೈದೇ ದಿನಕ್ಕೆ ಲ್ಯಾಬಿಗೆ ಓಡಿದರೆ ದುಡ್ಡು ದಂಡ. ಒಂದು ದಿನ ಮಾತ್ರೆ ಮರೆತರೆ ನೆನಪಾದಾಗ ಕೊಟ್ಟರಾಯಿತು. ಇನ್ಸುಲಿನ್ ಹಾಗಲ್ಲ. ಬಿಟ್ಟರೆ ಗಂಟೆಗಳಲ್ಲೇ ಕೀಟೋನ್ ಏರತೊಡಗುತ್ತದೆ. ಕೊಟ್ಟು ಊಟ ತಡಮಾಡಿದರೆ ಅರ್ಧ ಗಂಟೆಯಲ್ಲಿ ಮಗು ಬೆವರಿ ನಡುಗಬಹುದು. ಹಾಗಾದರೆ ಬೆಳಗಿನ ಗಡಿಬಿಡಿಯಲ್ಲಿ ಯಾವುದು ಮೊದಲು ಎಂಬುದು ತೂಗಿ ನೋಡುವ ವಿಷಯವೇ ಅಲ್ಲ. ಎದ್ದ ಕೂಡಲೇ ಸಕ್ಕರೆ ನೋಡಿ. ಸರಿಯಿದ್ದರೆ ಬರೀ ನೀರಿನೊಂದಿಗೆ ಮಾತ್ರೆ. ಸ್ನಾನ, ಜಡೆ, ಯೂನಿಫಾರ್ಮು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ತಾನಾಗಿ ಕಳೆದಿರುತ್ತದೆ. ಇನ್ಸುಲಿನ್ನನ್ನು ಮಾತ್ರ ತಿಂಡಿಯ ಸಮಯಕ್ಕೆ ಹಿಂದಕ್ಕೆ ಎಣಿಸಿ ಚುಚ್ಚಿ: ಈಗಿನ ವೇಗದ ಇನ್ಸುಲಿನ್ ಆದರೆ ತಿಂಡಿಗೆ ಹತ್ತು ಹದಿನೈದು ನಿಮಿಷ ಮೊದಲು, ಹಳೆಯ ರೆಗ್ಯುಲರ್ ಇನ್ಸುಲಿನ್ ಆದರೆ ಅರ್ಧ ಗಂಟೆ ಮೊದಲು. ಇನ್ಸುಲಿನ್ ಚುಚ್ಚಿಬಿಟ್ಟು, ಆಮೇಲೆ ಮಾತ್ರೆ ನೆನಪಾಗಿ, ಮಾತ್ರೆಗಾಗಿ ತಿಂಡಿಯನ್ನು ಮುಂದಕ್ಕೆ ಹಾಕುವುದೇ ಈ ಇಡೀ ವ್ಯವಹಾರದಲ್ಲಿ ಅತಿ ದೊಡ್ಡ ಅಪಾಯ. ಇನ್ನು ಎದ್ದಾಗಲೇ ಮೀಟರು 70ಕ್ಕಿಂತ ಕೆಳಗೆ ತೋರಿಸಿದರೆ ಖಾಲಿ ಹೊಟ್ಟೆಯ ನಿಯಮ ಅವತ್ತಿಗೆ ರದ್ದು. ಸಕ್ಕರೆ ನೀರೋ ಗ್ಲುಕೋಸೋ ತಕ್ಷಣ ಕೊಡಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಮಾತ್ರೆ ಮಧ್ಯಾಹ್ನವೋ ರಾತ್ರಿಯೋ ನುಂಗಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಖಾಲಿ ಹೊಟ್ಟೆಯ ನಿಯಮವನ್ನು ಸಡಿಲ ಬಿಟ್ಟರೆ ಮಾತ್ರೆ ಮೈಗೆ ಹತ್ತುವುದಿಲ್ಲ, ಟಿಎಸ್‌ಎಚ್ ಮತ್ತೆ ಏರುತ್ತದೆ, ಡಾಕ್ಟರು ಸುಮ್ಮನೆ ಬರೆದಿದ್ದಾರೆಯೇ? ಸುಮ್ಮನೆ ಅಲ್ಲ. ಆಹಾರದೊಂದಿಗೆ ನುಂಗಿದ ಮಾತ್ರೆ ಕಡಿಮೆ ಹೀರಲ್ಪಡುತ್ತದೆ ಎಂಬುದು ನಿಜ. ಆದರೆ ಡೋಸನ್ನು ನಿರ್ಧರಿಸುವುದು ಟಿಎಸ್‌ಎಚ್ ನೋಡಿ. ದಿನವೂ ಒಂದೇ ರೀತಿ ಕೊಡುತ್ತಿದ್ದರೆ ಹೀರದೆ ಹೋದ ಪಾಲನ್ನು ಡೋಸಿನಲ್ಲೇ ಸರಿದೂಗಿಸಬಹುದು. ಲೆಕ್ಕ ಕೆಡಿಸುವುದು ಸೋಮವಾರ ಖಾಲಿ ಹೊಟ್ಟೆ, ಮಂಗಳವಾರ ಹಾಲಿನ ಜೊತೆ, ಬುಧವಾರ ಮರೆವು ಎಂಬ ಅಡ್ಡಾದಿಡ್ಡಿತನ. ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಹಸುಗೂಸುಗಳನ್ನು ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಅಳಿಸಲಾಗದು. ಅವರಿಗೆ ಊಟಕ್ಕೆ ಮುಂಚೆಯೋ ಜೊತೆಯೋ, ದಿನವೂ ಒಂದೇ ಕ್ರಮದಲ್ಲಿ ಕೊಡಿ ಎನ್ನುವುದೇ ಯುರೋಪಿನ ಮಕ್ಕಳ ತಜ್ಞರ ನಿಲುವು. ಮಲಗುವಾಗ ಕೊಡುವ ದಾರಿಯೂ ಇದೆ. ನೆದರ್‌ಲೆಂಡ್ಸ್‌ನಲ್ಲಿ ವಯಸ್ಕರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ರಾತ್ರಿ ಮಲಗುವ ಮುನ್ನ ನುಂಗಿದ ಮಾತ್ರೆ ಬೆಳಗ್ಗೆ ನುಂಗಿದ್ದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡಿತ್ತು. ನಮ್ಮ ಮನೆಗಳಲ್ಲಿ ಇದಕ್ಕೊಂದು ತೊಡಕು. ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡು ಹತ್ತಕ್ಕೆ ಮಲಗುವವರಿಗೆ ಊಟದ ಮೇಲೆ ಮೂರು ಗಂಟೆಯ ಅಂತರ ಎಲ್ಲಿಂದ ಬರಬೇಕು? ರಾತ್ರಿ ‘ಲೋ’ ಆಗದಿರಲೆಂದು ಮಲಗುವ ಮುನ್ನ ಏನಾದರೂ ತಿನ್ನಿಸುವ ಮಗುವಿಗಂತೂ ಇದು ಹೊಂದದು. ಎಲ್ಲ ಮನೆಗೂ ಒಂದೇ ಗಡಿಯಾರ ಇಲ್ಲ. ಯಾವ ಹೊತ್ತು ಎಂಬುದನ್ನು ಮನೆಯ ದಿನಚರಿ ಹೇಳಿ ಡಾಕ್ಟರ ಜೊತೆ ಕೂತು ಗೊತ್ತುಮಾಡಿಕೊಳ್ಳುವುದೇ ಸರಿ.

ಸಡಿಲಿಸಲಾಗದ ನಿಯಮಗಳೂ ಇವೆ, ಅವು ಕಬ್ಬಿಣ ಮತ್ತು ಕ್ಯಾಲ್ಸಿಯಂಗೆ ಸೇರಿದವು. ಇವೆರಡೂ ಕರುಳಿನಲ್ಲಿ ಮಾತ್ರೆಯನ್ನು ಹಿಡಿದು ಕಟ್ಟಿಹಾಕುತ್ತವೆ. ಅಂಥ ಮಾತ್ರೆ, ಟಾನಿಕ್ಕು ಇದ್ದರೆ ನಾಲ್ಕು ಗಂಟೆಯ ಅಂತರ ಬೇಕು. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಬೆಳಗ್ಗೆ ಬೇಗ ಥೈರಾಯ್ಡ್ ಮಾತ್ರೆ ನುಂಗಿ ಮಧ್ಯಾಹ್ನದ ಊಟದ ಮೇಲೆ ಅದನ್ನು ತೆಗೆದುಕೊಂಡರೆ ಅಂತರ ಸಾಕಾಗುತ್ತದೆ. ಮನೆಯಲ್ಲಿ ಎದ್ದ ಕೂಡಲೇ ಕೊಡುವ ಹಾಲು, ರಾಗಿ ಗಂಜಿ ಎರಡರಲ್ಲೂ ಕ್ಯಾಲ್ಸಿಯಂ ಧಾರಾಳ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ರಾಗಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರು ಸೀಮೆಯಲ್ಲಿ ಹಾಗೆ ಹೇಳಿ ಯಾರೂ ಬಚಾವಾಗಲಾರರು. ಮಾತ್ರೆಯನ್ನು ಗಂಜಿಯೊಂದಿಗೆ ನುಂಗಿಸಬೇಡಿ ಅಷ್ಟೆ. ಸರ್ಕಾರಿ ಶಾಲೆಯಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು 2013ರಿಂದ ಇದೆ, ಅದಕ್ಕೆ 2024ರಿಂದ ರಾಗಿ ಮಾಲ್ಟೂ ಸೇರಿತು. ಅಷ್ಟು ಹೊತ್ತಿಗೆ ಮಾತ್ರೆ ಕರುಳು ದಾಟಿರುವುದರಿಂದ ಥೈರಾಯ್ಡ್‌ಗೆ ಅಡ್ಡಿಯಿಲ್ಲ. ಆದರೆ ಸಿಹಿ ಮಾಲ್ಟು ಇನ್ಸುಲಿನ್ ಲೆಕ್ಕಕ್ಕೆ ಬರಲೇಬೇಕು. ಒಂದೇ ಲೋಟ, ಎರಡು ಲೆಕ್ಕ. ಹೂಕೋಸು, ಎಲೆಕೋಸು ಮುಟ್ಟಬಾರದು ಎಂಬ ಮಾತು ಬೀದಿಬೀದಿಯಲ್ಲಿ ಕೇಳುತ್ತದೆ. ಬೇಯಿಸಿ, ಮನೆಯಲ್ಲಿ ತಿನ್ನುವಷ್ಟು ತಿಂದರೆ ಏನೂ ಆಗುವುದಿಲ್ಲ. ಇಷ್ಟೆಲ್ಲ ಪಾಲಿಸಿಯೂ ಡೋಸು ಮೇಲೆ ಮೇಲೆ ಏರಿಸಬೇಕಾಗಿ ಬಂದರೆ, ಗೋಧಿಗೆ ಕರುಳು ಮುನಿಯುವ ಸೀಲಿಯಾಕ್ ಇದೆಯೇ ಎಂದು ಡಾಕ್ಟರು ಹುಡುಕುತ್ತಾರೆ; ಅದೂ ಇದೇ ಬಳಗದ ಕಾಯಿಲೆ.

ಎರಡನೇ ಆಕ್ಷೇಪ ಇನ್ನೊಂದು ದಿಕ್ಕಿನದು: ಟಿಎಸ್‌ಎಚ್ ಒಂದು ಚೂರು ಏರಿದ್ದಕ್ಕೇ ಮಗುವಿಗೆ ಇನ್ನೊಂದು ಮಾತ್ರೆ ಯಾಕೆ? ಇದರಲ್ಲಿ ಹುರುಳಿದೆ. ಸ್ವಲ್ಪ ಏರಿದ ಟಿಎಸ್‌ಎಚ್ ಎಷ್ಟೋ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಥೈರಾಕ್ಸಿನ್ ಮಟ್ಟ ತೋರಿಸುವ ಟಿ4 ಸರಿಯಿದ್ದು ಬೆಳವಣಿಗೆ ಚೆನ್ನಾಗಿದ್ದರೆ ಕಾದು ಮತ್ತೊಮ್ಮೆ ನೋಡುವ ಡಾಕ್ಟರು ಅಸಡ್ಡೆ ಮಾಡುತ್ತಿದ್ದಾರೆ ಎಂದುಕೊಳ್ಳಬಾರದು. ಆದರೆ ಕಾರಣವಿಲ್ಲದ ‘ಲೋ’ಗಳು, ನಿಂತ ಎತ್ತರ, ಏರುತ್ತಲೇ ಇರುವ ಟಿಎಸ್‌ಎಚ್ ಮೂರೂ ಸೇರಿದರೆ ಕಾಯುವುದರಲ್ಲಿ ಅರ್ಥವಿಲ್ಲ. ಮಾತ್ರೆ ಶುರುಮಾಡುವ ಮುನ್ನ ಡಾಕ್ಟರು ಇನ್ನೊಂದನ್ನು ಗಮನಿಸಬೇಕು. ಇನ್ಸುಲಿನ್ ಅಗತ್ಯ ತಗ್ಗುತ್ತಾ, ತೂಕ ಇಳಿಯುತ್ತಾ, ಮೈ ಕಪ್ಪಾಗುತ್ತಾ ಬಂದಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಸೋತಿರಬಹುದು. ಅದನ್ನು ನೋಡದೆ ಥೈರಾಕ್ಸಿನ್ ಕೊಟ್ಟರೆ ಮಗು ಕುಸಿದು ಬೀಳುವ ಅಪಾಯವಿದೆ. ಇದು ಅಪರೂಪ, ಆದರೆ ಕೇಳಿ ತಿಳಿದುಕೊಳ್ಳಬೇಕಾದ ಅಪರೂಪ. ಮಾತ್ರೆ ಶುರುವಾದ ಮೇಲೆ ಮೈ ಮತ್ತೆ ಉರಿ ಹೊತ್ತಿಸಿಕೊಳ್ಳುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಮೊದಲ ಕೆಲವು ವಾರ ಸಕ್ಕರೆ ಏರಿದ್ದು ಕಂಡು ಮಾತ್ರೆ ಮಗುವಿಗೆ ಆಗಿಬರುತ್ತಿಲ್ಲ ಎಂದು ನಿಲ್ಲಿಸುವವರಿದ್ದಾರೆ. ಅದು ಮಾತ್ರೆಯ ತಪ್ಪಲ್ಲ, ಇನ್ಸುಲಿನ್ ಡೋಸನ್ನು ಸರಿಪಡಿಸಿಕೊಳ್ಳಬೇಕೆಂಬ ಸೂಚನೆ. ಹೀಗಾಗಿ ಥೈರಾಯ್ಡ್‌ಗೆ ಒಬ್ಬ ಡಾಕ್ಟರು, ಶುಗರ್‌ಗೆ ಇನ್ನೊಬ್ಬ ಡಾಕ್ಟರು, ಇಬ್ಬರಿಗೂ ಪರಸ್ಪರರ ಚೀಟಿ ಗೊತ್ತಿಲ್ಲ ಎನ್ನುವ ವ್ಯವಸ್ಥೆ ಈ ಮಗುವಿಗೆ ಹೇಳಿ ಮಾಡಿಸಿದ್ದಲ್ಲ. ಎರಡನ್ನೂ ಒಟ್ಟಿಗೆ ಓದುವ ಒಬ್ಬರು ಬೇಕು. ಕೋಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಯೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೋ ಬ್ಯಾಡರಹಳ್ಳಿಯಿಂದ ಅರ್ಧ ದಿನದ ಪ್ರಯಾಣ ಎಂಬುದು ಮಾಗಡಿ ರಸ್ತೆಯ ಟ್ರಾಫಿಕ್ ಕಂಡವರಿಗೆ ಹೇಳಬೇಕಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಆ ಅರ್ಧ ದಿನ ಕೊಡಬೇಕಾದದ್ದೇ.

ಮಾತ್ರೆಗೆ ದುಡ್ಡು ದೊಡ್ಡದಲ್ಲ, ಒಂದಕ್ಕೆ ಒಂದೆರಡು ರೂಪಾಯಿ. ಡಬ್ಬಿಯ ಮೇಲಿನ ಸಂಖ್ಯೆಯ ಮೇಲೆ ಕಣ್ಣಿರಲಿ: 12.5, 25, 50, 75 ಎಲ್ಲವೂ ನೋಡಲು ಅಕ್ಕತಂಗಿಯರಂತೆ. ಮೆಡಿಕಲ್ ಶಾಪಿನವರು ಕಂಪನಿ ಬದಲಿಸಿ ಕೊಟ್ಟರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿ. ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಮಾತ್ರೆ ಅದರದೇ ಡಬ್ಬಿಯಲ್ಲಿ, ಒಲೆಯ ಬಿಸಿ ತಾಗದ ಕಪಾಟಿನಲ್ಲಿರಲಿ. ಹೆಣ್ಣುಮಗುವಿನ ಮದುವೆಯ ಚಿಂತೆಯಿಂದ ಶಾಲೆಯವರಿಗೂ ಹೇಳದೆ ಮುಚ್ಚಿಡುವವರಿಗೆ ಒಂದು ಮಾತು: ಥೈರಾಯ್ಡ್ ಮಾತ್ರೆಯ ಸಂಗತಿ ಬೇಕಿದ್ದರೆ ಮನೆಯೊಳಗೇ ಇರಲಿ, ಸಕ್ಕರೆ ಕುಸಿಯಬಹುದು ಎಂಬುದು ಮಾತ್ರ ಕ್ಲಾಸ್ ಟೀಚರಿಗೂ ವ್ಯಾನಿನ ಡ್ರೈವರಿಗೂ ಗೊತ್ತಿರಬೇಕು. ವ್ಯಾನಿಗೆ ಹತ್ತಿಸುವ ಮುನ್ನ ಬ್ಯಾಗಿನ ಹೊರಜೇಬಿನಲ್ಲಿ ಗ್ಲುಕೋಸ್ ಪೊಟ್ಟಣ ಇದೆಯೇ ಎಂದು ಒಮ್ಮೆ ಕೈಯಿಟ್ಟು ನೋಡಿ.