ಶಿರಸಿಯಿಂದ ತದಡಿಗೆ, ಹೊಳೆಯ ಬೆನ್ನಿಗೆ

ಅಘನಾಶಿನಿಗೆ ಅಣೆಕಟ್ಟಿಲ್ಲ. ಪಕ್ಕದ ಶರಾವತಿಗೆ ಲಿಂಗನಮಕ್ಕಿ ಇದೆ, ಆಚೆಯ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಅಘನಾಶಿನಿಯಾದರೋ ಶಿರಸಿ ಸೀಮೆಯಲ್ಲಿ ಹುಟ್ಟಿ, ಘಟ್ಟದಲ್ಲಿ ಧುಮುಕಿ, ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುವವರೆಗೂ ತನ್ನ ಪಾಡಿಗೆ ಹರಿಯುತ್ತದೆ. ಮಳೆಗಾಡು, ಕಡಲತೀರ, ಹಳ್ಳಿಯ ಬದುಕು ಮೂರನ್ನೂ ಒಂದೇ ರಜೆಯಲ್ಲಿ ನೋಡಬೇಕು, ನೋಡುವ ಭರದಲ್ಲಿ ಅವನ್ನು ಹಾಳೂ ಮಾಡಬಾರದು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಊರುಗಳ ಪಟ್ಟಿ ಮಾಡಬೇಡಿ, ಈ ಹೊಳೆಯನ್ನು ಹಿಡಿದು ಇಳಿಯಿರಿ. ನಾಲ್ಕೈದು ದಿನ ಸಾಕು.

ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ಊರುಗಳಲ್ಲಿ ಈಗ ಹಲವು ಮನೆಯವರು ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತಾರೆ. ಹೋಮ್‌ಸ್ಟೇ ಎಂಬ ಬೋರ್ಡು ಹಾಕಿದ್ದೆಲ್ಲ ಮನೆಯಲ್ಲ. ಹಿಂದೊಮ್ಮೆ ಇದೇ ಜಿಲ್ಲೆಯಲ್ಲಿ ಇಳಿದುಕೊಂಡಿದ್ದ ಒಂದು ‘ಇಕೋ’ ರೆಸಾರ್ಟಿನಲ್ಲಿ ಊಟಕ್ಕೆ ಕೂತ ಪ್ರತಿಯೊಬ್ಬರ ಎದುರಿಗೂ ಪ್ಲಾಸ್ಟಿಕ್ ಬಾಟಲಿ ಇಟ್ಟರು; ಖಾಲಿ ಬಾಟಲಿಗಳು ಹಿಂದಿನ ಗುಂಡಿಯಲ್ಲಿ ಹೊಗೆಯಾಡುತ್ತಿದ್ದವು. ಅಂದಿನಿಂದ ಕೋಣೆ ಕಾಯ್ದಿರಿಸುವ ಮೊದಲು ಫೋನಿನಲ್ಲೇ ಮೂರು ಪ್ರಶ್ನೆ ಕೇಳುತ್ತೇನೆ. ನೀರು ಎಲ್ಲಿಂದ ಬರುತ್ತದೆ? ಕಸ ಎಲ್ಲಿಗೆ ಹೋಗುತ್ತದೆ? ಅಡುಗೆ ಮಾಡುವವರು ಯಾವ ಊರಿನವರು? ಬಾವಿ, ಗೊಬ್ಬರದ ಗುಂಡಿ, ‘ನಾವೇ ಮಾಡ್ತೀವಿ’ ಎಂಬ ಉತ್ತರ ಬಂದರೆ ಹೊರಡಬಹುದು. ಅಂಥ ಮನೆಯಲ್ಲಿ ತಂಬುಳಿ, ಅಪ್ಪೆಹುಳಿ, ಜೋನಿಬೆಲ್ಲ ಹಾಕಿಕೊಂಡ ದೋಸೆ ಸಿಗುತ್ತದೆ. ಅದರಲ್ಲಿ ಲಾರಿಯಲ್ಲಿ ಬಂದದ್ದು ಬಹಳ ಕಡಿಮೆ.

ಅಡಿಕೆ ತೋಟದ ಮೇಲಂಚಿಗೆ ಬೆಟ್ಟ, ಅದರಾಚೆ ಕಾನು. ಇಲ್ಲಿ ಬೆಟ್ಟವೆಂದರೆ ಗುಡ್ಡವಲ್ಲ. ತೋಟಕ್ಕೆ ಸೊಪ್ಪು ತರಲು ರೈತರಿಗೆ ಬಿಟ್ಟ ಕಾಡು. ಕಾನು ಎಂದರೆ ಬಿಸಿಲು ನೆಲ ಮುಟ್ಟದ ನಿತ್ಯಹಸಿರು ಕಾಡು. ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯ ಕತ್ತಲೆಕಾನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಾನಿನ ತಗ್ಗುಗಳಲ್ಲಿ, ವರ್ಷವಿಡೀ ನೀರು ಜಿನುಗುವ ಕಡೆ, ರಾಮಪತ್ರೆ ಜಡ್ಡಿಗಳಿವೆ. ಜಾಯಿಕಾಯಿಯ ನಂಟಿನ ದೊಡ್ಡ ಮರಗಳು ಕೆಸರಿನಲ್ಲಿ ಊರುಗೋಲಿನಂಥ ಬೇರು ಊರಿ ನಿಂತಿರುತ್ತವೆ. ಸುತ್ತಲಿನ ನೆಲದಿಂದ ಮಡಚಿದ ಮೊಣಕಾಲಿನಂತೆ ಬೇರುಗಳು ಮೇಲೆದ್ದು ಮತ್ತೆ ಕೆಸರಿಗೇ ಇಳಿಯುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲ. ಬೇರು ಮೇಲೆ ಬಂದು ಉಸಿರಾಡಬೇಕು. ಈ ಕಾನು ಎಷ್ಟು ಹಳೆಯದು, ನಮಗೆ ಎಷ್ಟು ಹೊಸದು ಎಂಬುದಕ್ಕೆ ಒಂದು ಮಾತು. ಕತ್ತಲೆಕಾನಿನಲ್ಲಿ ಬೆಳೆಯುವ ಗೇರಿನ ಕುಟುಂಬದ ಒಂದು ದೊಡ್ಡ ಮರಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2000ದಲ್ಲಿ. ಆ ಹೆಸರಿನಲ್ಲಿ ಕತ್ತಲೆಕಾನೂ ಸೇರಿಕೊಂಡಿದೆ.

ಸಿಂಗಳೀಕಗಳೂ ಇಲ್ಲಿನವೇ. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೊಂದು ಕುಚ್ಚು. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಕೋತಿಯ ಉತ್ತರದ ಕೊನೆಯ ನೆಲೆ ಉತ್ತರ ಕನ್ನಡ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅವು ನೆಲಕ್ಕಿಳಿಯುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ದಾರಿ ತಪ್ಪಿದರೆ ಹಿಂಡು ಎರಡಾಗುತ್ತದೆ. ರಸ್ತೆ ಬದಿಯಲ್ಲಿ ಕಂಡರೆ ಬಿಸ್ಕತ್ತು ಎಸೆಯಬೇಡಿ. ಎಸೆದವರ ಹಿಂದಿನ ಕಾರಿನ ಚಕ್ರಕ್ಕೆ ಅವು ಸಿಗುತ್ತವೆ.

ಕಾನಿನಿಂದ ಮರಳಿದಾಗ ನನ್ನ ಹಿಮ್ಮಡಿಯಲ್ಲಿ ಉಂಬಳ ಕಚ್ಚಿಕೊಂಡಿತ್ತು. ಕೀಳಲು ಹೊರಟೆ. ನಾನು ಇಳಿದುಕೊಂಡಿದ್ದ ಮನೆಯ ಅಮ್ಮ ತಡೆದು, “ಎಳಿಯಡ ತಮಾ, ಸುಣ್ಣ ಹಚ್ಚಿರೆ ತನ್ನಷ್ಟಕ್ಕೇ ಬಿಡ್ತು” ಎಂದು ಎಲೆಯಡಿಕೆ ತಟ್ಟೆಯಿಂದ ಬೆರಳ ತುದಿಯಲ್ಲಿ ಸುಣ್ಣ ತಂದರು. ಬಿಟ್ಟಿತು. ಉಂಬಳಕ್ಕೆ ಹೆದರುವುದೇನಿಲ್ಲ, ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದರಿಂದಲೇ ಹರಡುತ್ತದೆ. ಸಿದ್ದಾಪುರ ಸೀಮೆ ಅದಕ್ಕೆ ಹೊರತಲ್ಲ. ಕಾಯಿಲೆ ಹೆಚ್ಚು ಕಾಣುವುದು ಡಿಸೆಂಬರಿನಿಂದ ಮೇ ತನಕ. ಆದ್ದರಿಂದ ಕಾಡಿನ ಭಾಗವನ್ನು ಅಕ್ಟೋಬರ್, ನವೆಂಬರಿಗೆ ಇಟ್ಟುಕೊಳ್ಳಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ, ಊರಿನವರು ಬೇಡವೆಂದರೆ ಅಲ್ಲಿಗೇ ನಿಲ್ಲಿ. ಪ್ರವಾಸದ ಕರಪತ್ರಗಳು ಬರೆಯದ ಮಾತು ಇದು.

ಅದೇ ತಿಂಗಳುಗಳಲ್ಲಿ ಉಂಚಳ್ಳಿ ಜಲಪಾತವೂ ಚೆನ್ನ. ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಬೀಳುತ್ತದೆ. ಬ್ರಿಟಿಷ್ ಕಲೆಕ್ಟರನೊಬ್ಬನ ಹೆಸರಿನಲ್ಲಿ ಅದನ್ನು ಲಷಿಂಗ್ಟನ್ ಜಲಪಾತ ಎಂದು ಕರೆದದ್ದುಂಟು. ಊರಿನವರ ಹೆಸರು ಕೆಪ್ಪ ಜೋಗ. ಎದುರಿಗೆ ನಿಂತರೆ ಕಿವಿ ಕೆಪ್ಪಾಗುವಷ್ಟು ಸದ್ದು. ನನಗೆ ಊರಿನ ಹೆಸರೇ ಸರಿ.

ಅಲ್ಲಿಂದ ಹೊಳೆ ಕಂದರದೊಳಗೆ ಮಾಯವಾಗುತ್ತದೆ. ನೀವು ದೇವಿಮನೆ ಘಟ್ಟದ ದಾರಿಯ ಬಸ್ಸು ಹಿಡಿದು ಕುಮಟಾಕ್ಕೆ ಇಳಿಯಬೇಕು. ಮತ್ತೆ ಕಂಡಾಗ ಹೊಳೆಯ ಗುರುತೇ ಸಿಗುವುದಿಲ್ಲ. ಅಗಲವಾಗಿ, ನಿಧಾನವಾಗಿ, ದಿನಕ್ಕೆರಡು ಸಲ ಕಡಲು ಒಳಗೆ ನುಗ್ಗಿ ಹಿಂದೆ ಸರಿಯುವ ಅಳಿವೆಯಾಗಿರುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಎನಿಸಿತು.

ಅಣೆಕಟ್ಟಿಲ್ಲ ಎಂದು ಮೊದಲೇ ಹೇಳಿದ್ದು ಏಕೆಂದು ಇಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಅಳಿವೆಯ ಉಪ್ಪನ್ನು ಕಡಲಿಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪು ಒಳಗೆ ಏರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಇಲ್ಲಿನ ಮೀನು, ಸಿಗಡಿ, ಬಳಚು ಎಂಬ ಚಿಪ್ಪುಮೀನು ಬೆಳೆಯುತ್ತವೆ. ಪಕ್ಕದ ಶರಾವತಿ ಅಳಿವೆಗೆ ವಿದ್ಯುದಾಗಾರಗಳಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಬರುತ್ತಲೇ ಇರುವುದರಿಂದ ಅಲ್ಲಿ ಉಪ್ಪು ತೆಳುವಾಗಿದೆ, ಬಳಚು ಕಡಿಮೆಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ತಜ್ಞರು ಎರಡೂ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ಇದನ್ನು ತೋರಿಸಿದ್ದಾರೆ. ಕಾನಿನಲ್ಲಿ ನೀವು ನೋಡಿದ ಜಿನುಗುನೀರಿಗೂ ಕುಮಟಾ ಪೇಟೆಯ ಬಳಚಿನ ಬುಟ್ಟಿಗೂ ಇಷ್ಟು ಹತ್ತಿರದ ನಂಟು.

ಇಳಿತದ ಹೊತ್ತಿಗೆ ದಂಡೆಯಲ್ಲಿ ನಿಲ್ಲಿ. ನೀರು ಸರಿದ ದಿಬ್ಬಗಳ ಅಂಚಿನಲ್ಲಿ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಬಗ್ಗಿ, ಕಾಲಿನಲ್ಲಿ ತಡವಿ, ಕೈಯಲ್ಲಿ ಬಳಚು ಹೆಕ್ಕುತ್ತಿರುತ್ತಾರೆ. ಬುಟ್ಟಿ ತೇಲುತ್ತ ಜೊತೆಗೆ ಬರುತ್ತದೆ. ಫೋಟೋ ತೆಗೆಯುವ ಮೊದಲು ಕೇಳಿ. ಅದು ಅವರ ಕೆಲಸದ ಹೊತ್ತು. ನಾನು ಮಾತಿಗೆಳೆದ ಅಕ್ಕ ಒಬ್ಬರು ಉತ್ತರದ ನಡುವೆಯೇ “ನೀರು ಬಂತ್ರಾ, ಇನ್ನು ಸಾಕು” ಎಂದು ಬುಟ್ಟಿ ಎತ್ತಿ ನಡೆದುಬಿಟ್ಟರು. ಅವರ ಗಡಿಯಾರ ಭರತಿ, ಇಳಿತ.

ಅಳಿವೆಯ ಅಂಚಿನ ಹೊಲಗಳು ಗಜನಿ. ಉಪ್ಪುನೀರು ಸೋಕಿದರೆ ಬೇರೆ ಭತ್ತ ಸಾಯುತ್ತದೆ. ಇಲ್ಲಿನ ಕಗ್ಗ ಬದುಕುತ್ತದೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುವ ಪೈರು, ಗೊಬ್ಬರದ ಗೊಡವೆಯಿಲ್ಲ. ಕೊಯ್ಲು ಮುಗಿದರೆ ಒಡ್ಡಿನ ಹಲಗೆ ಬಾಗಿಲು ತೆರೆದು ಉಪ್ಪುನೀರನ್ನೇ ಒಳಗೆ ಬಿಡುತ್ತಾರೆ. ಕೂಳೆ ಕೊಳೆತು ಸಿಗಡಿಗೆ, ಮೀನಿಗೆ ಆಹಾರ, ಅವುಗಳ ಹಿಂದೆ ಹಕ್ಕಿಗಳು. ಒಂದೇ ಗದ್ದೆಗೆ ಎರಡು ಬೆಳೆ. ಕಗ್ಗದ ಒಡ್ಡು ಕಾಯುವುದು ಒಬ್ಬರಿಂದಾಗುವ ಕೆಲಸವಲ್ಲ, ಊರೇ ಸೇರಬೇಕು. ಈಚೆಗೆ ಅನೇಕ ಗಜನಿಗಳಲ್ಲಿ ಭತ್ತ ಬಿಟ್ಟು ಸಿಗಡಿಯೊಂದನ್ನೇ ನೆಚ್ಚಿದ್ದಾರೆ. ಸಿಕ್ಕರೆ ಒಂದೆರಡು ಕಿಲೋ ಕಗ್ಗದ ಕೆಂಪಕ್ಕಿ ಕೊಂಡು ತನ್ನಿ. ಯಾವ ಕೀಚೈನಿಗಿಂತಲೂ ಅದು ಒಳ್ಳೆಯ ನೆನಪು.

ಅಳಿವೆ ದಾಟಿದರೆ ಸಾಣಿಕಟ್ಟಾದ ಉಪ್ಪಿನ ಆಗರಗಳು. ಅಲ್ಲಿಂದ ಗೋಕರ್ಣ ದೂರವಿಲ್ಲ. ಓಂ ಬೀಚಿನ ಬಗ್ಗೆ ಬರೆದವರು ಸಾಕಷ್ಟಿದ್ದಾರೆ; ಶನಿವಾರ, ಭಾನುವಾರ ಅದನ್ನು ಬಿಟ್ಟುಬಿಡಿ ಎನ್ನುವುದಷ್ಟೇ ನನ್ನ ಸಲಹೆ. ಸುತ್ತಲಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಗೆ ಹೋಗುವುದಾದರೆ ಪರಿಚಿತರ ಜೊತೆ ಹೋಗಿ. ಸಾವಿರಾರು ಹಾಡು ಬಲ್ಲ ಸುಕ್ರಿ ಬೊಮ್ಮಗೌಡ, ಕಾಡಿನ ಗಿಡಗಳನ್ನು ಮಕ್ಕಳಂತೆ ಬೆಳೆಸಿದ ತುಳಸಿ ಗೌಡ, ಇಬ್ಬರೂ ಪದ್ಮಶ್ರೀ ಪಡೆದವರು, ಈ ಸಮುದಾಯದವರು. ಇಬ್ಬರೂ ಈಗಿಲ್ಲ. ಹೋಳಿಯ ಹೊತ್ತಿಗೆ ತುರಾಯಿ ಕಟ್ಟಿ ಕುಣಿಯುವ ಸುಗ್ಗಿ ಅವರ ಮನೆಮನೆಯ ಹಬ್ಬ, ಟಿಕೆಟ್ಟಿನ ಪ್ರದರ್ಶನವಲ್ಲ.

ಇನ್ನೂ ಒಂದು ದಿನವಿದ್ದರೆ ಹೊನ್ನಾವರಕ್ಕೆ ಹೋಗಿ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ಕಾಲುದಾರಿ ಇದೆ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ, ಪಡುಬಿದ್ರಿಯ ಜೊತೆ, ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು; ನೀರಿನ ಗುಣ, ಕಸ, ಸುರಕ್ಷತೆ ಸೇರಿ 33 ಮಾನದಂಡ ನೋಡಿ ಕೊಡುವ ಮನ್ನಣೆ ಅದು. ಈ ಕರಾವಳಿಯ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡುತ್ತದೆ, ಒಂದು ಗೂಡಿಗೆ ಸುಮಾರು ನೂರು. ಮರಿಗಳು ರಾತ್ರಿ ಹೊರಬಂದು ಕಡಲಿನ ಕಡೆಯ ಬೆಳಕನ್ನು ಹುಡುಕುತ್ತವೆ. ಮೊಬೈಲಿನ ಟಾರ್ಚು, ರೆಸಾರ್ಟಿನ ದೀಪ ಕಂಡರೆ ದಿಕ್ಕು ತಪ್ಪಿ ದಡದತ್ತಲೇ ತೆವಳುತ್ತವೆ. ರಾತ್ರಿ ತೀರದಲ್ಲಿ ನಡೆಯುವುದಾದರೆ ದೀಪ ಆರಿಸಿ ನಡೆಯಿರಿ.

ಬೆಂಗಳೂರಿಗೆ ಮರಳಲು ಕಾರು ಬೇಕಿಲ್ಲ. ಗೋಕರ್ಣ ರೋಡ್‌ನಿಂದಲೂ ಕುಮಟಾದಿಂದಲೂ ರಾತ್ರಿ ರೈಲಿದೆ. ಕೊನೆಯ ಊಟಕ್ಕೆ ಬಳಚಿನ ಸುಕ್ಕ ಸಿಕ್ಕರೆ ತಿನ್ನಿ, ತಿಂದ ಮೇಲೆ ಚಿಪ್ಪನ್ನು ಪ್ಲಾಸ್ಟಿಕ್ ಕಸದ ಜೊತೆ ಸೇರಿಸಬೇಡಿ. ಅದನ್ನು ಸುಟ್ಟರೆ ಸುಣ್ಣವಾಗುತ್ತದೆ.